ಜೋಡಿ ತಾಮ್ರ: ಅದರ ಕಾಂತಗುಣವೂ ಕಾರ್ಯಶಕ್ತಿಯೂ

ಮಲೆನಾಡಿನಲ್ಲಿ ಮಳೆಗಾಲವು ಬಲವಾಗಿ ಹಿಡಿಯುವುದಕ್ಕೆ ಮುಂಚೆಯೇ ಅಡಕೆ ತೋಟದವರು ಮೈಲುತುತ್ತವನ್ನೂ ಸುಣ್ಣವನ್ನೂ ತಂದಿರಿಸಿಕೊಳ್ಳುವ ವಾಡಿಕೆಯು ನಮ್ಮ ವಾಚಕರಲ್ಲಿ ಬಹುಜನರಿಗೆ ಗೊತ್ತಿರತಕ್ಕ ಸಂಗತಿಯೇ ಆಗಿದೆ. ಕೊಳೆರೋಗದ ಮೇಲೆ ಈ ನೀಲಿ ಮದ್ದನ್ನು ಪ್ರಯೋಗಿಸಿ, ಗೊನೆಗಳನ್ನು ಉಳಿಸಿಕೊಳ್ಳುವ ಮಾರ್ಗವನ್ನು ತೋಟಗಾರರಲ್ಲಿ ಪ್ರಚಾರಕ್ಕೆ ತಂದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು. ಅದು ೧೯೧೦ರ ಸುಮಾರಿನ ಮಾತು. ಅಂದಿನಿಂದ ಇಂದಿನವರೆಗೆ ಎಷ್ಟು ಮಣ ಮೈಲುತುತ್ತವು ನಮ್ಮ ತೋಟಗಳ ಮೇಲೆ ಬಿದ್ದಿದೆಯೋ ಲೆಕ್ಕವಿಟ್ಟವರಿಲ್ಲ. ಆದರೆ ಆ ನೀಲಿಯ ಹರಳಿನ ಒಳಗೆ ಏನಿದೆ ಎಂದು ಕೇಳಿದವರು ಅದಕ್ಕಿಂತಲೂ ವಿರಳ.

ಆ ಹರಳನ್ನು ಹಳೆಯ ತಗಡಿನ ಮೇಲಿಟ್ಟು ಕಾಯಿಸಿದರೆ (ಅಡಿಗೆಯ ಪಾತ್ರೆಯಲ್ಲಿ ಯಾರೂ ಈ ಸಾಹಸ ಮಾಡಬಾರದು, ಅದು ವಿಷ) ನೀಲಿಯು ಮಾಯವಾಗಿ ಬಿಳಿಯ ಪುಡಿ ಉಳಿಯುವುದು. ನಾಲ್ಕು ಹನಿ ನೀರು ಚಿಮುಕಿಸಿದೊಡನೆ ಪುಡಿಯು ಬಿಸಿಯಾಗಿ, ಹೋದ ನೀಲಿಯು ಹಿಂದಿರುಗುವುದು. ನೀಲಿಯ ಬಣ್ಣವು ತಾಮ್ರದ ಸೊತ್ತೂ ಅಲ್ಲ, ನೀರಿನ ಸೊತ್ತೂ ಅಲ್ಲ. ತಾಮ್ರವು ನೀರಿನ ಅಣುಗಳನ್ನು ಕೈಹಿಡಿದುಕೊಂಡ ಸಂಬಂಧದ ಫಲವೇ ಅದು ಎಂದಾಯಿತು. ೧೯೩೪ರಲ್ಲಿ ಬೀವರ್ಸ್ ಮತ್ತು ಲಿಪ್ಸನ್ ಎಂಬ ಇಬ್ಬರು ಆಂಗ್ಲ ವಿಜ್ಞಾನಿಗಳು ಕ್ಷ-ಕಿರಣಗಳ ಸಹಾಯದಿಂದ ಈ ಹರಳಿನ ಒಳಗಟ್ಟನ್ನು ಬಿಡಿಸಿ ತೋರಿಸಿದರು. ಒಂದೊಂದು ತಾಮ್ರದ ಸುತ್ತಲೂ ಚೌಕವಾಗಿ ನಾಲ್ಕು ನೀರಿನ ಅಣುಗಳಿರುವುವು. ಮೇಲೆ ಒಂದು, ಕೆಳಗೆ ಒಂದು ಸಲ್ಫೇಟಿನ ಕೈ ಇರುವುದು. ಆ ಸಲ್ಫೇಟು ತನ್ನ ಇನ್ನೊಂದು ಕೈಯಿಂದ ಮುಂದಿನ ತಾಮ್ರವನ್ನು ಹಿಡಿದಿರುವುದು. ಹೀಗೆ ತಾಮ್ರ, ಸಲ್ಫೇಟು, ತಾಮ್ರ, ಸಲ್ಫೇಟು ಎಂದು ಹೂಮಾಲೆಯಂತೆ ಸಾಲು ಬೆಳೆಯುತ್ತದೆ. ಹರಳಿನಲ್ಲಿರುವ ಐದನೆಯ ನೀರು ಮಾತ್ರ ತಾಮ್ರವನ್ನು ಮುಟ್ಟದೆ ಬದಿಯಲ್ಲಿ ನಿಂತಿರುತ್ತದೆ.

ಲೋಹದ ಪರಮಾಣುವೊಂದು, ಅದನ್ನು ಹಿಡಿದುಕೊಳ್ಳುವ ಅಣುವೊಂದು, ಮತ್ತೆ ಲೋಹ, ಮತ್ತೆ ಅಣು. ಇಂತು ಕೊನೆಯಿಲ್ಲದೆ ಹೆಣೆದುಕೊಂಡು ಹೋಗುವ ಪದಾರ್ಥಕ್ಕೆ ರಸಾಯನಶಾಸ್ತ್ರಜ್ಞರು ಕೋಆರ್ಡಿನೇಷನ್ ಪಾಲಿಮರ್ ಎಂದು ಹೆಸರಿಟ್ಟಿರುವರು. ಈ ಹೆಣಿಗೆಯು ಸರವಾಗಿರಬಹುದು, ಚಾಪೆಯಾಗಿರಬಹುದು, ಎಲ್ಲ ದಿಕ್ಕುಗಳಿಗೂ ಬೆಳೆದ ಪಂಜರವೂ ಆಗಿರಬಹುದು. ೨೦೨೫ನೆಯ ಇಸವಿಯ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ಇಂಥ ಪಂಜರಗಳನ್ನು ಕಟ್ಟುವ ವಿದ್ಯೆಗಾಗಿ ಜಪಾನಿನ ಸುಸುಮು ಕಿತಾಗಾವ, ಆಸ್ಟ್ರೇಲಿಯದ ರಿಚರ್ಡ್ ರಾಬ್ಸನ್, ಅಮೆರಿಕದಲ್ಲಿ ನೆಲೆಸಿರುವ ಓಮರ್ ಯಾಘಿ ಎಂಬ ಮೂವರಿಗೆ ಸಂದಿತು. ಆಗ ನಮ್ಮಲ್ಲಿ ಹೊಗಳಿಕೆಯು ಯಥೇಚ್ಛವಾಗಿ ಕೇಳಿಬಂತು. ವಿವರಣೆಯು ಮಾತ್ರ ಅಲ್ಪವಾಗಿತ್ತು. ಅದರ ಪೈಕಿ ತಾಮ್ರದ ಪಾತ್ರವನ್ನು ಮಾತ್ರವೇ ಎತ್ತಿಕೊಂಡು, ಅದರ ಎರಡು ಗುಣಗಳು, ಎಂದರೆ ಕಾಂತಗುಣವೂ ರಾಸಾಯನಿಕ ಕ್ರಿಯೆಗಳನ್ನು ನಡೆಯಿಸಿಕೊಡುವ ಶಕ್ತಿಯೂ, ಒಂದೇ ಬೇರಿನಿಂದ ಹುಟ್ಟಿದುವೆಂಬುದನ್ನು ಇಲ್ಲಿ ಬಿಡಿಸಿ ಹೇಳಲು ಯತ್ನಿಸುತ್ತೇವೆ. ಆ ಬೇರು ಯಾವುದೆಂದರೆ, ಎರಡು ತಾಮ್ರದ ಪರಮಾಣುಗಳು ಹತ್ತಿರ ಹತ್ತಿರ ಕೂತಿರುವ ಜೋಡಿ.

ಮೊದಲು ಕಾಂತಗುಣದ ಮಾತು. ನಮ್ಮ ಮನೆಗಳ ತಾಮ್ರದ ಬಿಂದಿಗೆಯನ್ನು ಅಯಸ್ಕಾಂತವು ಎಳೆಯದೆಂಬುದು ಮಕ್ಕಳಿಗೂ ಗೊತ್ತು. ಆದರೆ ಅದೇ ತಾಮ್ರವು ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡು ಲವಣದ ರೂಪಕ್ಕೆ ಬಂದಾಗ ಅದರ ಹೊರವಲಯದಲ್ಲಿ ಒಂಭತ್ತು ಎಲೆಕ್ಟ್ರಾನುಗಳು ಉಳಿಯುವುವು. ಎಂಟು ಜೊತೆ ಜೊತೆಯಾಗಿ ಕೂಡಿಕೊಂಡರೆ ಒಂಭತ್ತನೆಯದು ಒಂಟಿಯಾಗುವುದು. ಈ ಒಂಟಿ ಎಲೆಕ್ಟ್ರಾನೇ ಒಂದು ಅತಿ ಸೂಕ್ಷ್ಮವಾದ ಅಯಸ್ಕಾಂತ. ಇಂಥ ಒಂಟಿಗಳುಳ್ಳ ಲವಣವನ್ನು ಬಲವಾದ ಅಯಸ್ಕಾಂತದ ಬಳಿಗೆ ತಂದರೆ ಅದು ಮಂದವಾಗಿ ಎಳೆಯಲ್ಪಡುತ್ತದೆ. ತಣ್ಣಗಾದಷ್ಟೂ ಸೆಳೆತವು ಹೆಚ್ಚುತ್ತದೆ. ಏಕೆಂದರೆ ಶಾಖದ ಗಲಭೆ ಅಡಗಿದಂತೆಲ್ಲ ಈ ಸೂಕ್ಷ್ಮ ಅಯಸ್ಕಾಂತಗಳು ಒಂದೇ ದಿಕ್ಕಿಗೆ ಮುಖಮಾಡಿ ನಿಲ್ಲುವುದು ಸುಲಭವಾಗುವುದು. ಈ ನಿಯಮವನ್ನು ೧೮೯೫ರಲ್ಲಿ ಫ್ರಾನ್ಸಿನ ಪಿಯೇರ್ ಕ್ಯೂರಿಯವರು ಸ್ಥಾಪಿಸಿದರು.

ಈ ನಿಯಮಕ್ಕೆ ತಲೆಬಾಗದ ಒಂದು ಲವಣವಿತ್ತು. ಹುಳಿ ಸೋಕಿದ ತಾಮ್ರದ ಪಾತ್ರೆಯಲ್ಲಿ ಹಸಿರು ಕಿಲುಬು ಏಳುವುದನ್ನು ಯಾವ ಗೃಹಿಣಿ ಕಂಡಿಲ್ಲ? ಕಲಾಯಿ ಹಾಕದ ಪಾತ್ರೆಯಲ್ಲಿ ಮಜ್ಜಿಗೆಯನ್ನೋ ಹುಳಿಯನ್ನೋ ಇಡಬಾರದೆಂಬ ನಿಯಮವು ಅದಕ್ಕಾಗಿಯೇ ಹುಟ್ಟಿದ್ದು. ವಿನಿಗರಿನಲ್ಲಿರುವ ಅಸಿಟಿಕ್ ಆಮ್ಲವು ತಾಮ್ರದೊಡನೆ ಸೇರಿದರೆ ಹುಟ್ಟುವುದು ಈ ಕಿಲುಬಿನ ನೆಂಟನಾದ ತಾಮ್ರದ ಅಸಿಟೇಟು; ನೀಲಿ ಬೆರೆತ ಹಸಿರಿನ ಹರಳು. ಸಾಧಾರಣ ಉಷ್ಣತೆಯಲ್ಲಿಯೇ ಅದರ ಕಾಂತಸೆಳೆತವು ಇತರ ತಾಮ್ರಲವಣಗಳ ಸೆಳೆತದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ. ೧೯೫೧ರಲ್ಲಿ ಬಿ. ಸಿ. ಗುಹ ಎಂಬ ಭಾರತೀಯ ವಿಜ್ಞಾನಿಗಳು ಇದನ್ನು ತಣ್ಣಗೆ ಮಾಡುತ್ತ ಅಳೆದು, ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕ್ಯೂರಿಯ ನಿಯಮದಂತೆ ಏರಬೇಕಾಗಿದ್ದ ಸೆಳೆತವು ಇಳಿಯಿತು. ಇನ್ನೂ ತಂಪಿಗೆ ಹೋದಂತೆ ಇಲ್ಲವೇ ಆಗುವ ಲಕ್ಷಣವನ್ನು ತೋರಿಸಿತು. ಸೊನ್ನೆಗಿಂತ ಸುಮಾರು ೧೮ ಡಿಗ್ರಿ ಸೆಂಟಿಗ್ರೇಡ್ ಕೆಳಗೆ ಅದರ ಶಿಖರ, ಆ ಬಳಿಕ ಇಳಿಜಾರು ಎಂಬುದು ಮುಂದೆ ಖಚಿತವಾಯಿತು. ಒಂಟಿ ಎಲೆಕ್ಟ್ರಾನುಗಳು ಎಲ್ಲಿ ಹೋದುವು?

ಮರುವರ್ಷ, ೧೯೫೨ರಲ್ಲಿ, ಆಕ್ಸ್‌ಫರ್ಡಿನ ಬ್ಲೀನಿ ಮತ್ತು ಬೋವರ್ಸ್ ಎಂಬುವರು ಇದೇ ಹರಳನ್ನು ಅಯಸ್ಕಾಂತದ ನಡುವೆ ಇಟ್ಟು ಅದರ ಮೇಲೆ ಸೂಕ್ಷ್ಮ ರೇಡಿಯೋ ಅಲೆಗಳನ್ನು ಹಾಯಿಸಿದರು. ಬಂದ ಉತ್ತರವು ಒಂಟಿ ಎಲೆಕ್ಟ್ರಾನಿನ ಉತ್ತರವಾಗಿರಲಿಲ್ಲ. ಎರಡು ಎಲೆಕ್ಟ್ರಾನುಗಳು ಕೂಡಿ ಒಂದಾಗಿ ನುಡಿದ ಉತ್ತರವಾಗಿತ್ತು. ತಂಪು ಹೆಚ್ಚಿದಂತೆ ಆ ದನಿಯೂ ಕ್ಷೀಣಿಸಿತು. ಅವರು ಗುಹರ ಅಳತೆಗಳನ್ನು ಪಕ್ಕದಲ್ಲಿಟ್ಟುಕೊಂಡು ಹೀಗೆ ಊಹಿಸಿದರು: ಈ ಲವಣದಲ್ಲಿ ತಾಮ್ರಗಳು ಬಿಡಿಬಿಡಿಯಾಗಿಲ್ಲ, ಎರಡೆರಡಾಗಿ ಜೋಡಿಗೊಂಡಿವೆ. ಒಂದೇ ನೊಗಕ್ಕೆ ಎದುರುಬದುರಾಗಿ ಕಟ್ಟಿದ ಎರಡು ಎತ್ತುಗಳ ಬಂಡಿಯು ಹೇಗೆ ಮುಂದಕ್ಕೆ ಸಾಗದೋ, ಹಾಗೆಯೇ ಒಂದರ ಕಾಂತತ್ವವನ್ನು ಇನ್ನೊಂದು ಅಳಿಸಿಹಾಕುತ್ತದೆ. ಶಾಖವಿರುವಾಗ ಕೆಲವು ಜೋಡಿಗಳಲ್ಲಿ ಒಂದು ಎತ್ತು ತಿರುಗಿ ಎರಡೂ ಒಂದೇ ಕಡೆಗೆ ಎಳೆಯುವುದುಂಟು. ಆಗ ಸೆಳೆತವು ಕಾಣಿಸುತ್ತದೆ. ತಂಪಿನಲ್ಲಿ ಅಂಥ ಜೋಡಿಗಳು ಕಡಿಮೆಯಾಗಿ ಎಲ್ಲವೂ ಮೌನವನ್ನು ವಹಿಸುತ್ತವೆ.

ಇಲ್ಲಿ ವಾಚಕರು ಗಮನಿಸಬೇಕಾದ ವಿಶೇಷವೊಂದುಂಟು. ಅಷ್ಟುಹೊತ್ತಿಗೆ ಆ ಹರಳಿನ ಒಳಗಟ್ಟು ಪ್ರಕಟವಾಗಿರಲಿಲ್ಲ. ಜೋಡಿಯನ್ನು ಯಾರೂ ಕಂಡವರಿರಲಿಲ್ಲ. ಅದರ ಮೌನದಿಂದಲೇ ಅದರ ಇರವನ್ನು ಊಹಿಸಿದ್ದು. ಮುಂದಿನ ವರ್ಷ, ೧೯೫೩ರಲ್ಲಿ, ದಕ್ಷಿಣ ಆಫ್ರಿಕದ ವಾನ್ ನೀಕರ್ಕ್ ಮತ್ತು ಶೋನಿಂಗ್ ಎಂಬುವರು ಕ್ಷ-ಕಿರಣಗಳಿಂದ ಪರಿಶೋಧಿಸಿದಾಗ, ಎರಡು ತಾಮ್ರಗಳ ನಡುವೆ ನಾಲ್ಕು ಅಸಿಟೇಟುಗಳು ನಾಲ್ಕು ಕಂಬಗಳಂತೆ ನಿಂತಿರುವುದೂ, ತಾಮ್ರದಿಂದ ತಾಮ್ರಕ್ಕೆ ಸೆಂಟಿಮೀಟರಿನ ಹತ್ತು ಕೋಟಿ ಭಾಗಗಳಲ್ಲಿ ೨.೬೪ ಭಾಗದಷ್ಟೇ ದೂರವಿರುವುದೂ ಕಂಡುಬಂದಿತು. ಬಿಂದಿಗೆಯ ಲೋಹದೊಳಗೆ ತಾಮ್ರದ ಪರಮಾಣುಗಳು ಒತ್ತಾಗಿ ಕೂತಿರುವಾಗಿನ ದೂರವೇ ೨.೫೬ ಭಾಗ. ಇಷ್ಟು ಸಮೀಪವಿರುವುದನ್ನು ಕಂಡು, ಇವೆರಡೂ ನೇರವಾಗಿ ಅಪ್ಪಿಕೊಂಡಿವೆಯೆಂದು ಹಲವರು ವಾದಿಸಿದರು; ವಾದವು ಬಹುಕಾಲ ನಡೆಯಿತು. ನಡುವಣ ಕಂಬಗಳನ್ನು ಬದಲಾಯಿಸಿ ನೋಡಿದಾಗ ಸೆಳೆತದ ಬಲವು ದೂರವನ್ನು ಅನುಸರಿಸದೆ ಕಂಬಗಳ ಜಾತಿಯನ್ನು ಅನುಸರಿಸಿದ್ದರಿಂದ, ತಾಮ್ರಗಳು ಪರಸ್ಪರ ಮಾತನಾಡುವುದು ಮುಖ್ಯವಾಗಿ ಆ ಅಸಿಟೇಟುಗಳ ಮೂಲಕವೇ ಎಂದು ತೀರ್ಮಾನವಾಯಿತು. ಅಕ್ಕಪಕ್ಕದ ಮನೆಯವರಾದರೂ ನೇರವಾಗಿ ಆಡದೆ ಮಧ್ಯಸ್ಥರ ಮುಖಾಂತರವೇ ವ್ಯವಹರಿಸುವ ಕುಟುಂಬಗಳು ನಮ್ಮ ಊರುಗಳಲ್ಲಿಯೂ ಇಲ್ಲವೆ?

ಮಧ್ಯಸ್ಥನನ್ನು ಬದಲಾಯಿಸಿದರೆ ಕಾಂತಗುಣವೇ ಬದಲಾಗುವುದೆಂಬುದು ತಿಳಿದ ಮೇಲೆ, ಬೇಕಾದ ಕಾಂತಗುಣವನ್ನು ಹೆಣೆದುಕೊಳ್ಳುವ ಆಸೆ ಹುಟ್ಟಿದ್ದು ಸಹಜವೇ. ೧೯೮೮ರಲ್ಲಿ ಫ್ರಾನ್ಸಿನ ಒಲಿವಿಯೆ ಕಾನ್ ಮತ್ತು ಅವರ ಸಂಗಡಿಗರು ತಾಮ್ರ, ಮ್ಯಾಂಗನೀಸು, ತಾಮ್ರ, ಮ್ಯಾಂಗನೀಸು ಎಂದು ಸರವನ್ನು ಪೋಣಿಸಿದರು. ಮ್ಯಾಂಗನೀಸಿನಲ್ಲಿ ಒಂಟಿ ಎಲೆಕ್ಟ್ರಾನುಗಳು ಐದು, ತಾಮ್ರದಲ್ಲಿ ಒಂದು. ಎದುರುಬದುರಾಗಿ ಎಳೆದರೂ ನಾಲ್ಕು ಮಿಕ್ಕುತ್ತವೆ. ಸರಗಳೆಲ್ಲ ಒಂದುಗೂಡಿದರೆ ಅದು ನಿಜವಾದ ಅಯಸ್ಕಾಂತವೇ ಆಗಬೇಕು. ಆಯಿತು ಕೂಡ. ಆದರೆ ಎಲ್ಲಿ? ಸೊನ್ನೆಗಿಂತ ೨೬೮ ಡಿಗ್ರಿ ಕೆಳಗೆ, ದ್ರವ ಹೀಲಿಯಮ್ಮಿನ ತಂಪಿನಲ್ಲಿ. ಹೀಗಿರಲು ‘ನಾಳೆಯೇ ತಾಮ್ರದ ಅಣುಗಳಿಂದ ಅಯಸ್ಕಾಂತಗಳು ಪೇಟೆಗೆ ಬರುತ್ತವೆ’ ಎಂದು ಆಗಾಗ ಕೇಳಿಬರುವ ಸುದ್ದಿಗಳನ್ನು ವಾಚಕರು ಸ್ವಲ್ಪ ತಣ್ಣಗೆ ಮಾಡಿಕೊಂಡೇ ಓದತಕ್ಕದ್ದು. ಕಾಂತಗುಣದಿಂದ ಇದುವರೆಗೆ ದೊರೆತ ದೊಡ್ಡ ಲಾಭವು ಅಯಸ್ಕಾಂತವಲ್ಲ. ಕಣ್ಣಿಗೆ ಕಾಣದ ಜೋಡಿಯನ್ನು ಪತ್ತೆಹಚ್ಚುವ ಸಾಧನ.

ಆ ಪತ್ತೆಯು ಎಲ್ಲಿಯವರೆಗೆ ಹೋಯಿತೆಂದರೆ, ನಮ್ಮ ಅಡಿಗೆಮನೆಯ ಬದನೆಕಾಯಿಯವರೆಗೆ ಹೋಯಿತು. ಹೆಚ್ಚಿದ ಬದನೆಕಾಯಿಯನ್ನು ಗಾಳಿಗೆ ಬಿಟ್ಟರೆ ಕಪ್ಪಾಗುವುದೆಂದು ಹೆಂಗಸರು ಅದನ್ನು ನೀರಿಗೆ ಹಾಕುವರು. ಕಪ್ಪಾಗಿಸುವುದು ಅದರಲ್ಲಿರುವ ಒಂದು ಕಿಣ್ವ. ಆ ಕಿಣ್ವದ ಹೃದಯದಲ್ಲಿರುವುದು ಎರಡು ತಾಮ್ರದ ಪರಮಾಣುಗಳು. ಏಡಿ, ಸೀಗಡಿ, ಬಸವನಹುಳು ಇವುಗಳ ರಕ್ತದಲ್ಲಿಯೂ ಇಂಥದೇ ಜೋಡಿ ಇರುವುದು. ನಮ್ಮ ರಕ್ತದಲ್ಲಿ ಕಬ್ಬಿಣವು ಮಾಡುವ ಕೆಲಸವನ್ನು ಅಲ್ಲಿ ತಾಮ್ರವು ಮಾಡುತ್ತದೆ. ಪ್ರಾಣವಾಯುವನ್ನು ಹೊತ್ತಾಗ ಆ ರಕ್ತವು ನೀಲಿ, ಇಳಿಸಿದಾಗ ಬಣ್ಣವಿಲ್ಲದ್ದು. ನೀಲಿಯಾಗಿರುವಾಗ ಅದರ ತಾಮ್ರಗಳಲ್ಲಿ ಒಂಟಿ ಎಲೆಕ್ಟ್ರಾನುಗಳಿರಲೇಬೇಕು. ಆದರೂ ಕಾಂತಪರೀಕ್ಷೆಗೆ ಅದು ತುಟಿಬಿಚ್ಚುವುದಿಲ್ಲ. ಅಸಿಟೇಟಿನ ಪಾಠವನ್ನು ಕಲಿತವರಿಗೆ ಈ ಮೌನದ ಅರ್ಥವು ಹೊಳೆಯುವುದು ಕಷ್ಟವಾಗಲಿಲ್ಲ. ಎರಡು ತಾಮ್ರಗಳು ಪ್ರಾಣವಾಯುವಿನ ಅಣುವೊಂದನ್ನು ನಡುವೆ ಹಿಡಿದುಕೊಂಡು, ಅದರ ಮೂಲಕ ಒಂದರ ದನಿಯನ್ನು ಇನ್ನೊಂದು ಅಡಗಿಸಿವೆ. ಆ ಅಣುವು ಯಾವ ಭಂಗಿಯಲ್ಲಿ ಮಲಗಿರಬಹುದೆಂಬುದನ್ನು ಜಪಾನಿನ ಕಿತಾಜಿಮ ಎಂಬುವರು ೧೯೮೯ರಲ್ಲಿ ಕೃತಕವಾಗಿ ರಚಿಸಿದ ತಾಮ್ರದ ಜೋಡಿಯೊಂದರಲ್ಲಿ ತೋರಿಸಿದರು. ಜೀವಿಯಿಂದ ತೆಗೆದ ಪದಾರ್ಥದಲ್ಲಿಯೂ ಅದೇ ಭಂಗಿ ಇರುವುದೆಂದು ಅನಂತರ ಕ್ಷ-ಕಿರಣಗಳು ಸಾಕ್ಷಿ ನುಡಿದುವು.

ಇಲ್ಲಿಂದಲೇ ಎರಡನೆಯ ಗುಣದ ಪ್ರವೇಶ. ತಾನು ವ್ಯಯವಾಗದೆ ಇತರ ಪದಾರ್ಥಗಳ ನಡುವೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುವಿಗೆ ವೇಗವರ್ಧಕವೆಂದು ಹೆಸರು. ಸಂಬಂಧವನ್ನು ಕುದುರಿಸಿ, ಮದುವೆಯನ್ನು ಮುಗಿಸಿ, ಮರುದಿನ ಇನ್ನೊಂದು ಮನೆಯ ಬಾಗಿಲಿಗೆ ಹೋಗುವ ಹಿರಿಯರಂತೆ ಅದರ ನಡತೆ. ತಾಮ್ರಕ್ಕೆ ಈ ಕೆಲಸವು ಒಗ್ಗುವುದಕ್ಕೆ ಮುಖ್ಯ ಕಾರಣವೇನೆಂದರೆ, ಅದು ಒಂದು ಎಲೆಕ್ಟ್ರಾನನ್ನು ಸುಲಭವಾಗಿ ಕೊಡಬಲ್ಲುದು, ಸುಲಭವಾಗಿ ಹಿಂದಕ್ಕೂ ಪಡೆಯಬಲ್ಲುದು. ಒಂದು ತಾಮ್ರವು ಒಂದನ್ನು ಕೊಟ್ಟರೆ ಜೋಡಿಯು ಎರಡನ್ನು ಕೊಡುತ್ತದೆ. ಪ್ರಾಣವಾಯುವಿನಂಥ ಹಟಮಾರಿ ಅಣುವನ್ನು ಬಗ್ಗಿಸುವುದಕ್ಕೆ ಒಂದು ಸಾಲದು, ಎರಡು ಬೇಕು. ಬದನೆಕಾಯಿಯಲ್ಲಿ ನಿಸರ್ಗವು ಜೋಡಿಯನ್ನು ಇಟ್ಟಿರುವುದು ಸುಮ್ಮನೆ ಅಲ್ಲ.

ಇನ್ನು ಪಂಜರಗಳು. ರಾಬ್ಸನ್ನರು ೧೯೭೪ರಲ್ಲಿ ಮೆಲ್ಬರ್ನಿನ ವಿದ್ಯಾರ್ಥಿಗಳಿಗೆ ಪಾಠ ಹೇಳುವುದಕ್ಕಾಗಿ ಮರದ ಗುಂಡುಗಳಿಗೆ ರಂಧ್ರ ಕೊರೆಯಿಸಿ, ಕಡ್ಡಿಗಳನ್ನು ಚುಚ್ಚಿ ಅಣುಗಳ ಮಾದರಿಗಳನ್ನು ಮಾಡುತ್ತಿದ್ದಾಗ, ರಂಧ್ರಗಳ ದಿಕ್ಕೇ ಇಡೀ ಕಟ್ಟಡದ ರೂಪವನ್ನು ನಿರ್ಧರಿಸಿಬಿಡುವುದನ್ನು ಕಂಡು ವಿಚಾರಮಗ್ನರಾದರು. ನಾಲ್ಕು ದಿಕ್ಕಿಗೆ ಕೈಚಾಚುವ ತಾಮ್ರವನ್ನೂ ನಾಲ್ಕು ಕೈಗಳುಳ್ಳ ಅಣುವನ್ನೂ ಕೂಡಿಸಿ, ವಜ್ರದ ಕಟ್ಟಿನಂತೆಯೇ ಇದ್ದು ಒಳಗೆ ವಿಶಾಲವಾಗಿ ಟೊಳ್ಳಾದ ಹರಳನ್ನು ೧೯೮೯ರಲ್ಲಿ ಪ್ರಕಟಿಸಿದರು. ಅಲ್ಲಿದ್ದುದು ಒಂದೇ ಎಲೆಕ್ಟ್ರಾನನ್ನು ಕಳೆದುಕೊಂಡ ತಾಮ್ರ. ಅದರಲ್ಲಿ ಹತ್ತೂ ಎಲೆಕ್ಟ್ರಾನುಗಳು ಜೊತೆಗೂಡಿರುವುದರಿಂದ ಕಾಂತಗುಣದ ಪ್ರಶ್ನೆಯೇ ಏಳುವುದಿಲ್ಲ.

ನಮ್ಮ ಜೋಡಿಯು ಪಂಜರದೊಳಗೆ ಬಂದದ್ದು ೧೯೯೯ರಲ್ಲಿ, ಹಾಂಗ್‌ಕಾಂಗಿನ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ. ಅಸಿಟಿಕ್ ಆಮ್ಲಕ್ಕೆ ತಾಮ್ರವನ್ನು ಹಿಡಿಯುವ ಕೈ ಒಂದೇ. ಅದರ ಬದಲಿಗೆ ಅಂಥವೇ ಮೂರು ಕೈಗಳುಳ್ಳ ಟ್ರೈಮೆಸಿಕ್ ಆಮ್ಲವನ್ನು ಅವರು ಕೂಡಿಸಿದರು. ಒಂದು ಜೋಡಿಗೆ ನಾಲ್ಕು ಕಂಬಗಳು, ಒಂದೊಂದು ಕಂಬವೂ ಇನ್ನೆರಡು ಜೋಡಿಗಳಿಗೆ ಆಧಾರ. ಹೀಗೆ ಎಲ್ಲ ದಿಕ್ಕಿಗೂ ಬೆಳೆದು, ನಡುನಡುವೆ ಓಣಿಗಳುಳ್ಳ ಘನವಾದ ಕಟ್ಟಡವಾಯಿತು. ಊರಿನ ವಿಶ್ವವಿದ್ಯಾಲಯದ ಇಂಗ್ಲಿಷ್ ಮೊದಲಕ್ಷರಗಳನ್ನೇ ಸೇರಿಸಿ ಇದನ್ನು ‘ಎಚ್‌ಕೆಯುಎಸ್‌ಟಿ-೧’ ಎಂದು ಕರೆಯುವರು. ನಾವು ಹಾಂಗ್‌ಕಾಂಗ್ ಪಂಜರವೆಂದು ಕರೆಯೋಣ. ಚೆನ್ನಾಗಿ ತಯಾರಿಸಿದ ಇದರ ಒಂದು ಗ್ರಾಂ ಪುಡಿಯ, ಎಂದರೆ ತೊಲದ ಹನ್ನೆರಡನೆಯ ಒಂದು ಪಾಲಿನಷ್ಟರ, ಒಳಮೈಯನ್ನೆಲ್ಲ ಹರಡಿದರೆ ಸಾವಿರ ಚದರ ಮೀಟರಿಗೂ ಮಿಕ್ಕುವುದು. ನಮ್ಮ ಶ್ಯಾನುಭೋಗರ ಲೆಕ್ಕದಲ್ಲಿ ಹತ್ತು ಗುಂಟೆ ಜಮೀನು!

ಅಸಿಟೇಟಿನ ಜೋಡಿಯಲ್ಲಿದ್ದಂತೆ ಇಲ್ಲಿಯೂ ಪ್ರತಿಯೊಂದು ತಾಮ್ರದ ಹೊರತುದಿಯಲ್ಲಿ ಒಂದು ನೀರಿನ ಅಣು ಕೂತಿರುವುದು. ಗಾಳಿಯನ್ನು ಹೊರಕ್ಕೆ ಸೆಳೆದು ಮಂದವಾಗಿ ಕಾಯಿಸಿದರೆ ಆ ನೀರು ಎದ್ದುಹೋಗುವುದು. ತಿಳಿನೀಲಿಯ ಪುಡಿಯು ಕಡುನೇರಿಳೆ ಬಣ್ಣಕ್ಕೆ ತಿರುಗುವುದು. ಕಟ್ಟಡವು ಕುಸಿಯುವುದಿಲ್ಲ. ಮೈಲುತುತ್ತವನ್ನು ತಗಡಿನ ಮೇಲೆ ಕಾಯಿಸಿದ ಪ್ರಯೋಗವೇ ಇದು. ಭೇದವಿಷ್ಟೇ, ಅಲ್ಲಿ ಹರಳು ಪುಡಿಪುಡಿಯಾಗುವುದು, ಇಲ್ಲಿ ಓಣಿಯ ಬದಿಯಲ್ಲಿ ತಾಮ್ರವು ಬರಿಗೈಯಾಗಿ, ಬರುವ ಅಣುವಿಗಾಗಿ ಕಾದು ನಿಲ್ಲುವುದು. ಈ ಬರಿಗೈಯ ತಾಮ್ರವೇ ವೇಗವರ್ಧಕ.

ಅದರಿಂದ ಮಾಡಿಸಿದ ಕೆಲಸಗಳು ಹಲವು. ಅವುಗಳಲ್ಲಿ ಒಂದನ್ನು ಮಾತ್ರ ನಾವು ಇಲ್ಲಿ ಎತ್ತಿ ಹೇಳುವುದು ಅದು ಕನ್ನಡಿಗರ ಮನೆಬಾಗಿಲಿಗೆ ಸಂಬಂಧಪಟ್ಟದ್ದಾದುದರಿಂದ. ಪೈನ್ ಮರದ ಅಂಟಿನಿಂದ ಟರ್ಪೆಂಟೈನ್ ಎಣ್ಣೆ ಬರುವುದು. ಅದರ ಮುಖ್ಯಾಂಶ ಪೈನೀನ್. ಅದಕ್ಕೆ ಪ್ರಾಣವಾಯುವಿನ ಒಂದು ಪರಮಾಣುವನ್ನು ಸೇರಿಸಿ, ಆ ಬಳಿಕ ತಕ್ಕ ವೇಗವರ್ಧಕದ ಸಂಪರ್ಕಕ್ಕೆ ತಂದರೆ ಕ್ಯಾಂಫೊಲೆನಿಕ್ ಆಲ್ಡಿಹೈಡ್ ಎಂಬ ಪದಾರ್ಥವಾಗುವುದು. ಈ ಕ್ರಿಯೆಯು ಬಲು ಚಂಚಲವಾದದ್ದು. ಸ್ವಲ್ಪ ಎಡವಿದರೆ ಬೇಡವಾದ ಹತ್ತಾರು ಪದಾರ್ಥಗಳು ಹುಟ್ಟುವುವು. ೨೦೦೬ರಲ್ಲಿ ಬೆಲ್ಜಿಯಮ್ ದೇಶದ ಲೂವೆನ್ ನಗರದ ವಿಜ್ಞಾನಿಗಳು ಹಾಂಗ್‌ಕಾಂಗ್ ಪಂಜರದ ತಾಮ್ರವು ಬೇಕಾದ ಪದಾರ್ಥವನ್ನೇ ಪ್ರಧಾನವಾಗಿ ಕೊಡುವುದೆಂದು ತೋರಿಸಿದರು. ಹಳೆಯ ಪದ್ಧತಿಯಲ್ಲಿ ಸತುವಿನ ಲವಣಗಳನ್ನು ಬಳಸುವರು. ಅವು ಕರಗಿ ಸರಕಿನೊಡನೆ ಬೆರೆತುಹೋಗುವುವು. ಪಂಜರದ ಪುಡಿಯನ್ನಾದರೋ ಸೋಸಿ ತೆಗೆಯಬಹುದು.

ಇದರಿಂದ ನಮಗೇನು ಎಂದು ಕೇಳುವವರಿಗೆ ಉತ್ತರವಿದು: ಕ್ಯಾಂಫೊಲೆನಿಕ್ ಆಲ್ಡಿಹೈಡಿನಿಂದಲೇ ‘ಸಾಂಡಲೋರ್’ ಮೊದಲಾದ ಕೃತಕ ಶ್ರೀಗಂಧದ ಸುವಾಸನೆಗಳನ್ನು ತಯಾರಿಸುವರು. ಗಂಧದ ಮರವನ್ನೇ ಕಾಣದ ದೇಶಗಳಲ್ಲಿ ಗಂಧದ ಪರಿಮಳವು ಪೀಪಾಯಿಗಳಲ್ಲಿ ತುಂಬುತ್ತದೆ.

ಒಂದು ಹಳೆಯ ಸಂಗತಿಯನ್ನು ಇಲ್ಲಿ ನೆನೆಯದೆ ಮುಂದಕ್ಕೆ ಹೋಗಲಾರೆವು. ೧೯೧೪ಕ್ಕೆ ಮುಂಚೆ ಮೈಸೂರಿನ ಗಂಧದ ಕೊರಡುಗಳು ಬಹುಪಾಲು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದುವು. ಯುದ್ಧವು ಹೊತ್ತಿಕೊಂಡೊಡನೆ ಕೊರಡನ್ನು ಕೊಳ್ಳುವವರೇ ಇಲ್ಲವಾದರು. ಆಗ ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಕಾಲದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಂಬ ಅಧ್ಯಾಪಕರ ನೆರವಿನಿಂದ, ೧೯೧೬ರಲ್ಲಿ ಸಂಸ್ಥಾನದವರು ತಾವೇ ಗಂಧದೆಣ್ಣೆಯನ್ನು ಬಟ್ಟಿಯಿಳಿಸಲು ಆರಂಭಿಸಿದರು. ಕಾರ್ಖಾನೆಯೂ ಪ್ರಯೋಗಶಾಲೆಯೂ ಕೈಕೂಡಿಸಿದ ಆ ಉದಾಹರಣೆಯು ಒಂದು ನೂರು ವರ್ಷಗಳ ಮೇಲೂ ಕಣ್ಣಿಗೆ ಕಟ್ಟುವಂತಿದೆ. ಅದಾದ ಬಳಿಕ ನಮ್ಮ ಆಡಳಿತದ ಬುದ್ಧಿಯು ಬಹುವಾಗಿ ಮರವನ್ನು ಕಾಯುವುದರಲ್ಲಿಯೇ ವೆಚ್ಚವಾಯಿತೆಂದು ನಾವು ಭಾವಿಸುತ್ತೇವೆ. ಸ್ವಂತ ಹೊಲದ ಬದುವಿನಲ್ಲಿ ಎದ್ದ ಗಂಧದ ಗಿಡವೂ ಸರ್ಕಾರದ ಸೊತ್ತೆಂಬ ಕಟ್ಟಳೆಯು ಸಡಿಲಗೊಂಡದ್ದು ೨೦೦೧ರ ತಿದ್ದುಪಡಿಯಿಂದ.

ಕೃತಕ ಸುವಾಸನೆಯನ್ನು ಕಂಡು ಎದೆಗುಂದಬೇಕಾಗಿಲ್ಲ. ನಿಜವಾದ ಗಂಧದೆಣ್ಣೆಯ ಪ್ರಾಣವಾದ ಸಾಂಟಲಾಲ್ ಬೇರೆ, ಸಾಂಡಲೋರ್ ಬೇರೆ; ಮೂಗನ್ನು ವಂಚಿಸಬಹುದಾದರೂ ಪ್ರಯೋಗಶಾಲೆಯನ್ನು ವಂಚಿಸಲಾಗದು. ಆದರೆ ಗಂಧದೆಣ್ಣೆಯ ಕಲಬೆರಕೆಯನ್ನು ಹಿಡಿಯಬೇಕಾದ ಅಧಿಕಾರಿಗೆ, ಬೆರಸಿದ ಪದಾರ್ಥವು ಯಾವ ಮರದಿಂದ, ಯಾವ ಲೋಹದ ಸಹಾಯದಿಂದ ಹುಟ್ಟಿತೆಂಬುದು ತಿಳಿದಿರಬೇಡವೆ? ಭಾರತೀಯ ವಿಜ್ಞಾನ ಸಂಸ್ಥೆಯು ಬೆಂಗಳೂರಿನಲ್ಲಿಯೇ ಇದೆ. ಜಕ್ಕೂರಿನಲ್ಲಿ ೧೯೮೯ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಪ್ರೊಫೆಸರ್ ಸಿ. ಎನ್. ಆರ್. ರಾವ್ ಅವರೂ ಅವರ ಶಿಷ್ಯವರ್ಗವೂ ಇಂಥ ಟೊಳ್ಳು ಹರಳುಗಳ ಮೇಲೆ ಬಹಳ ಕೆಲಸ ಮಾಡಿರುವರು. ಸರ್ಕಾರದ ಸಾಬೂನಿನ ಕಾರ್ಖಾನೆಯೂ ಅದೇ ಊರಿನಲ್ಲಿದೆ. ಇವುಗಳ ನಡುವಣ ದೂರವು ಬಸ್ಸಿನ ಟಿಕೀಟಿನ ದೂರವೇ ಹೊರತು ಸಮುದ್ರದ ದೂರವಲ್ಲ. ತಾಮ್ರದ ಬಿಂದಿಗೆಯ ನೀರಿನ ಗುಣವನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರೆಂದು ಸಭೆಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುವ ಮಹನೀಯರು, ಬಿಂದಿಗೆಯನ್ನು ಬಲ್ಲ ಮಾತ್ರಕ್ಕೆ ಪರಮಾಣುವನ್ನು ಬಲ್ಲಂತಾಗುವುದಿಲ್ಲವೆಂಬುದನ್ನೂ ಅದೇ ಉಸಿರಿನಲ್ಲಿ ಹೇಳಿದರೆ ಉಪಕಾರವಾದೀತು.

ಈ ಪಂಜರವು ಸರ್ವಗುಣಸಂಪನ್ನವೆಂದು ಯಾರೂ ತಿಳಿಯಬಾರದು. ಹುಟ್ಟಿದ ಪದಾರ್ಥಗಳೇ ಓಣಿಗಳಲ್ಲಿ ಸಿಕ್ಕಿಕೊಂಡು ದಾರಿ ಕಟ್ಟುವುದುಂಟು. ತಾಮ್ರವು ಅಲ್ಪಸ್ವಲ್ಪ ಕಳಚಿ ದ್ರವಕ್ಕೆ ಸೇರುವುದುಂಟು, ಹಾಗಾದಾಗ ಕೆಲಸ
ಮಾಡಿದ್ದು ಪಂಜರವೋ ಕಳಚಿಬಿದ್ದ ತಾಮ್ರವೋ ಎಂಬುದನ್ನು ಪರೀಕ್ಷಿಸಿಯೇ ಒಪ್ಪಬೇಕು. ಎಲ್ಲಕ್ಕಿಂತ ದೊಡ್ಡ ಶತ್ರುವು ನೀರು. ಜಿರ್ಕೋನಿಯಮ್ಮಿನಿಂದ ಕಟ್ಟಿದ ಪಂಜರಗಳು ನೀರನ್ನು ತಡೆದುಕೊಳ್ಳುತ್ತವೆ. ಆದರೆ ಎಲೆಕ್ಟ್ರಾನನ್ನು ಕೊಟ್ಟು ಪಡೆಯುವ ತಾಮ್ರದ ಚಾಳಿ ಅವುಗಳಿಗಿಲ್ಲ. ತಾಮ್ರದ ಪಂಜರವನ್ನು ಬಹುಕಾಲ ತೇವದಲ್ಲಿ ಬಿಟ್ಟರೆ ಕಂಬಗಳೇ ಒಂದೊಂದಾಗಿ ಕಳಚಿಕೊಳ್ಳುತ್ತವೆ. ಅಷ್ಟುದೂರ ಹೋಗುವುದೇಕೆ, ಕಾಯಿಸಿ ಸಿದ್ಧಮಾಡಿದ ಕಡುನೇರಿಳೆ ಪುಡಿಯ ಶೀಶೆಯ ಮುಚ್ಚಳವನ್ನು ತೆರೆದಿಟ್ಟರೆ ಅದು ನೋಡುನೋಡುತ್ತಲೇ ತಿಳಿನೀಲಿಗೆ ತಿರುಗತೊಡಗುವುದು. ಗಾಳಿಯ ತೇವವು ಓಣಿಗಳನ್ನು ಹೊಕ್ಕು ಬರಿಗೈಯ ತಾಮ್ರಗಳನ್ನೆಲ್ಲ ಹಿಡಿದುಕೊಂಡಿತೆಂದು ಅದರ ಅರ್ಥ. ಮತ್ತೆ ಕಾಯಿಸುವವರೆಗೂ ಪೈನೀನಿಗೆ ಅಲ್ಲಿ ಸ್ಥಳವಿಲ್ಲ.